ದೇವಿಮನೆ ಘಟ್ಟದಿಂದ ನೇತ್ರಾಣಿಯ ಅಡಿಗೆ

ಶುಕ್ರವಾರ: ಘಟ್ಟ ಇಳಿದದ್ದು

"ದುಡ್ಡು ಕೊಟ್ಟು ಮುಳುಗ್ಲೆ ಹೋಪದಾ? ಮನೆ ಹಿಂದೆ ಬಾವಿ ಇದ್ದಲಾ!"

ಅಕ್ಕನ ಅತ್ತೆ ಜಗುಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಾ ಹೇಳಿದ ಮಾತಿದು. ಹೇಳಿದ್ದು ನನಗಲ್ಲ, ತನ್ನ ಮಗನಿಗೆ, ಅಂದರೆ ನನ್ನ ಭಾವನಿಗೆ. ಐವತ್ತೆರಡು ವರ್ಷದ ಭಾವ ಚೀಲ ಹೆಗಲಿಗೆ ಹಾಕಿಕೊಂಡು, ಶಾಲೆ ತಪ್ಪಿಸಿ ಸಿಕ್ಕಿಬಿದ್ದ ಹುಡುಗನ ಹಾಗೆ ಅಂಗಳದಲ್ಲಿ ನಿಂತಿದ್ದ.

ಜನವರಿಯ ಎರಡನೇ ವಾರ. ಶಿರಸಿ ಕಡೆಯ ತೋಟದವರು ಮನೆ ಬಿಟ್ಟು ಹೊರಡುವ ಕಾಲವೇ ಅಲ್ಲ. ಅಡಿಕೆಯ ಕೊನೆಕೊಯ್ಲು ಅರ್ಧ ಆಗಿತ್ತು. ಉಳಿದದ್ದಕ್ಕೆ ಸೋಮವಾರ ಬೆಳಿಗ್ಗೆ ಬರುತ್ತೇನೆ ಅಂತ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಮಾತು ಕೊಟ್ಟಿದ್ದ. ಕೊನೆಗೌಡನ ಮಾತು ನಮ್ಮಲ್ಲಿ ಮದುವೆ ಮುಹೂರ್ತ ಇದ್ದ ಹಾಗೆ. ತಪ್ಪಿದರೆ ಇನ್ನೊಂದು ಸಿಗುವುದು ಯಾವಾಗಲೋ. ಹಾಗಾಗಿ ಭಾವನ ಷರತ್ತು ಒಂದೇ: ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗಿಗೆ ಶನಿವಾರ ಮುಳುಗಬೇಕು, ಶನಿವಾರ ರಾತ್ರಿಯೇ ಮನೆ ಸೇರಬೇಕು.

"ಆಗಲ್ಲ ಅಪ್ಪ. ಭಾನುವಾರ ಬೆಳಿಗ್ಗೆ ತನಕ ನಾವು ಘಟ್ಟ ಹತ್ತೋ ಹಾಗಿಲ್ಲ" ಅಂದಳು ಮಗಳು. ಯಾಕೆ ಅಂತ ಭಾವ ಕೇಳುವಷ್ಟರಲ್ಲಿ ಅಕ್ಕ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ತಂದು ಕಾರಿನಲ್ಲಿಟ್ಟಳು. ಮಾತು ಅಲ್ಲಿಗೇ ನಿಂತಿತು.

ಈ ಪ್ರವಾಸದ ಮೂಲ ಅವಳೇ, ಭಾವನ ಮಗಳು. ಹೋದ ವರ್ಷ ಪುದುಚೇರಿಯಲ್ಲಿ ಓಪನ್ ವಾಟರ್ ಕೋರ್ಸ್, ಅಂದರೆ ಡೈವಿಂಗಿನ ಮೊದಲ ಹಂತದ ತರಬೇತಿ, ಮುಗಿಸಿ ಬಂದಿದ್ದಾಳೆ. ನಾನು ಅದನ್ನು ಅಂಡಮಾನಿನಲ್ಲಿ ಮಾಡಿ ನಾಲ್ಕು ವರ್ಷ ಆಯಿತು. ಎರಡು ಡಜನ್ ಡೈವ್ ಆಗಿರಬಹುದು. ಮಾವ ಸೊಸೆ ಇಬ್ಬರೂ ಸೇರಿ ಭಾವನನ್ನು ಒಪ್ಪಿಸಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಕೊನೆಗೆ ಅವನು ಒಪ್ಪಿದ್ದು ನಮ್ಮ ಮಾತಿಗಲ್ಲ. "ನಮ್ಮದೇ ಜಿಲ್ಲೆಯ ದ್ವೀಪ, ನೀವು ಒಂದು ಸಲವೂ ನೋಡಿಲ್ಲ" ಅಂತ ಅವಳು ಹಂಗಿಸಿದ್ದಕ್ಕೆ.

ದೇವಿಮನೆ ಘಟ್ಟದ ರಸ್ತೆ ಅಗಲ ಮಾಡುವ ಕೆಲಸದಲ್ಲಿ ನಮ್ಮೆಲ್ಲರ ಸೊಂಟ ವರ್ಷಗಟ್ಟಲೆ ಸವೆದಿದೆ. ಈ ಸಲ ಪರವಾಗಿಲ್ಲ ಅನ್ನುವ ಹಾಗಿತ್ತು. ಗುಡಿಯ ಹತ್ತಿರ ಕಾರು ನಿಲ್ಲಿಸಿ ಕೈ ಮುಗಿದೆವು. ಇಳಿಯುವಾಗ ಎರಡೂ ಕಡೆ ಕಾಡು, ಕಿಟಕಿಯಲ್ಲಿ ತಣ್ಣನೆ ಗಾಳಿ. ನಾಲ್ಕಾರು ತಿರುವು ಇಳಿಯುವಷ್ಟರಲ್ಲಿ ಭಾವನ ಕಿವಿ ಕಟ್ಟಿತು. ಆಕಳಿಸಿದ, ಎಂಜಲು ನುಂಗಿದ. ಟಪ್ ಅಂತ ಬಿಟ್ಟಿತು.

"ನೋಡಿ ಅಪ್ಪ, ನಾಳೆ ಮಾಡಬೇಕಾದದ್ದೂ ಇದನ್ನೇ" ಅಂದಳು ಹಿಂದಿನ ಸೀಟಿನಿಂದ.

ಅವಳು ಹೇಳಿದ್ದು ಸರಿ. ಆದರೆ ಅಳತೆ ಬೇರೆ. ಶಿರಸಿ ಇರುವುದು ಸಮುದ್ರಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿ. ಅಷ್ಟೂ ಇಳಿದರೂ ಕಿವಿಯ ಮೇಲೆ ಹೆಚ್ಚುವ ಒತ್ತಡ ನೀರಿನಲ್ಲಿ ಒಂದು ಮೀಟರ್ ಇಳಿದಷ್ಟೂ ಇಲ್ಲ. ಇಡೀ ಘಟ್ಟ ಒಂದು ಮೀಟರಿನೊಳಗೆ ಮುಗಿದುಹೋಗುತ್ತದೆ! ಹತ್ತು ಮೀಟರ್ ಇಳಿದರೆ ಒತ್ತಡ ದಡದಲ್ಲಿರುವುದರ ಎರಡರಷ್ಟು. ಹೊಸಬರು ಕಿವಿನೋವು ಅಂತ ಮೇಲೆ ಬರುವುದು ಹೆಚ್ಚಾಗಿ ಮೊದಲ ಮೂರು ನಾಲ್ಕು ಮೀಟರಿನಲ್ಲೇ. ನೋವು ಶುರುವಾದ ಮೇಲೆ ಮೂಗು ಹಿಡಿದು ಊದಿದರೆ ತಡವಾಯಿತು ಅಂತಲೇ ಲೆಕ್ಕ. ತಲೆ ನೀರಿನೊಳಗೆ ಹೋದ ಕೂಡಲೇ ಒಮ್ಮೆ, ಆಮೇಲೆ ಅರ್ಧರ್ಧ ಮೀಟರಿಗೆ ಒಮ್ಮೆ, ಮೆಲ್ಲಗೆ. ಜೋರಾಗಿ ಊದುವುದು ಬೇಡವೇ ಬೇಡ.

ದೀವಗಿಯಲ್ಲಿ ಹೆದ್ದಾರಿ ಸೇರಿ, ಕುಮಟಾದಲ್ಲಿ ಚಹಾ ಕುಡಿದು, ಹೊನ್ನಾವರದ ಶರಾವತಿ ಸೇತುವೆಗೆ ಬರುವಾಗ ಸೂರ್ಯ ಅಳಿವೆಯ ಮೇಲಿದ್ದ. ಘಟ್ಟದ ಮೇಲಿನ ಚಳಿ ಎಲ್ಲೋ ಬಿದ್ದುಹೋಗಿತ್ತು. ಭಾವ ಸ್ವೆಟರ್ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಕತ್ತಲಾಗುವ ಹೊತ್ತಿಗೆ ಮುರ್ಡೇಶ್ವರ. 123 ಅಡಿಯ ಶಿವ ದೀಪದ ಬೆಳಕಿನಲ್ಲಿ ದೂರದಿಂದಲೇ ಕಂಡ.

ರಾತ್ರಿ ಡೈವಿಂಗ್‌ನವರ ಫಾರ್ಮ್ ತುಂಬಿಸುವ ಕೆಲಸ. ಉಬ್ಬಸ ಇದೆಯಾ, ಬಿ.ಪಿ. ಮಾತ್ರೆ ಇದೆಯಾ, ಕಿವಿ ಸೋರುತ್ತದಾ, ಇತ್ತೀಚೆಗೆ ಆಪರೇಷನ್ ಆಗಿದೆಯಾ. ಜನ ಇದರಲ್ಲಿ ಎಲ್ಲದಕ್ಕೂ ಕಣ್ಣು ಮುಚ್ಚಿ 'ಇಲ್ಲ' ಬರೆಯುತ್ತಾರೆ. ಹಾಗೆ ಮಾಡಬೇಡಿ. ನೆಗಡಿಯ ವಿಷಯವಂತೂ ಮುಚ್ಚಿಡಲೇಬಾರದು. ಮೂಗು ಕಟ್ಟಿದಾಗ ಮಾತ್ರೆ ನುಂಗಿ ಇಳಿಯುವವರಿದ್ದಾರೆ. ಮಾತ್ರೆಯ ಪರಿಣಾಮ ನೀರಿನೊಳಗೇ ಇಳಿದುಹೋದರೆ ಒಳಗಿನ ಗಾಳಿ ಹೊರಗೆ ಬರಲಾರದೆ, ಮೇಲೆ ಬರುವಾಗ ಕಿವಿ, ಹಣೆ ಎಲ್ಲ ಸಿಡಿಯುತ್ತದೆ. ಅಂಡಮಾನಿನಲ್ಲಿ ನಾನು ಹಾಗೆ ಒಮ್ಮೆ ಮಾಡಿ ಮೂರು ದಿನ ತಲೆ ಹಿಡಿದು ಕೂತಿದ್ದೆ. ಭಾವನಿಗೆ ಅಡಿಕೆ ಸಿಪ್ಪೆಯ ಧೂಳಿಗೆ ಸೀನು ಬರುತ್ತದೆ, ಅಷ್ಟೇ. ಮೂಗು ಹಿಡಿದು ಊದಿಸಿ ನೋಡಿದೆವು. ಎರಡೂ ಕಿವಿ ಬಿಟ್ಟವು. ಪಾಸ್.

ಶನಿವಾರ: ನೀರಿನ ಅಡಿಗೆ

ಬೆಳಿಗ್ಗೆ ಆರೂವರೆಗೆ ಎಲ್ಲರಿಗೂ ಉಪದೇಶ ಮಾಡಿದವನು ನಾನೇ. ಎರಡು ಇಡ್ಲಿಗಿಂತ ಜಾಸ್ತಿ ಬೇಡ, ಎಣ್ಣೆ ಪದಾರ್ಥ ಬೇಡ, ಹಾಲು ಹಾಕಿದ ಕಾಫಿ ಬೇಡ. ಖಾಲಿ ಹೊಟ್ಟೆಯೂ ಬೇಡ, ಅದೂ ವಾಂತಿಗೆ ದಾರಿ. ಭಾವ, ಮಗಳು ಇಬ್ಬರೂ ವಿಧೇಯರಾಗಿ ಇಡ್ಲಿ ತಿಂದರು. ಅಷ್ಟರಲ್ಲಿ ಪಕ್ಕದ ಟೇಬಲ್ಲಿಗೆ ಬಿಸಿ ಬನ್ಸ್ ಬಂತು. ಕರಾವಳಿಯ ಹೋಟೆಲಿನ ಬನ್ಸ್, ಉಬ್ಬಿ ಗುಂಡಗೆ, ಬಾಳೆಹಣ್ಣಿನ ವಾಸನೆ. ಎರಡು ತಿಂದೆ. ಏನೂ ಆಗಲ್ಲ ಅಂದುಕೊಂಡೆ. ವಾಂತಿ ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲೇ ನುಂಗಬೇಕಿತ್ತು. ನಾನು ದೋಣಿ ಹತ್ತುವಾಗ ನುಂಗಿದೆ.

ಮುರ್ಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿ.ಮೀ. ಬೋಟಿನಲ್ಲಿ ಒಂದೂವರೆ ಗಂಟೆ, ಕಡಲು ಕೆಟ್ಟಿದ್ದರೆ ಇನ್ನೂ ಜಾಸ್ತಿ. ಬೆಳಿಗ್ಗೆ ಬೇಗ ಹೊರಡಿಸುವುದು ಸುಮ್ನೆ ಅಲ್ಲ. ಆ ಹೊತ್ತಿಗೆ ಗಾಳಿ ನೆಲದ ಕಡೆಯಿಂದ ಬೀಸುತ್ತದೆ, ಕಡಲು ಹಾಸಿದ ಚಾಪೆಯ ಹಾಗಿರುತ್ತದೆ. ಮಧ್ಯಾಹ್ನದ ಮೇಲೆ ಪಡುವಣದ ಗಾಳಿ ಎದ್ದು ಅಲೆ ಏಳುತ್ತದೆ. ಮಳೆಗಾಲದಲ್ಲಿ ಇಲ್ಲಿ ಡೈವಿಂಗ್ ಪೂರ್ತಿ ಬಂದ್. ಅಕ್ಟೋಬರಿನಲ್ಲಿ ಮತ್ತೆ ಶುರುವಾದರೂ, ನನ್ನನ್ನು ಕೇಳಿದರೆ ಡಿಸೆಂಬರ್, ಜನವರಿಗೆ ಬನ್ನಿ. ಹಿಂದೊಮ್ಮೆ ಅಕ್ಟೋಬರ್ ಮೊದಲ ವಾರ ಬಂದು, ಹಸಿರು ನೀರಿನಲ್ಲಿ ನನ್ನ ಕೈಯನ್ನೇ ಹುಡುಕಿಕೊಂಡು ಹೋಗಿದ್ದೆ. ಆಗ ಕರೆದುಕೊಂಡು ಹೋದ ತಂಡ ಒಬ್ಬ ಬೋಧಕನ ಕೈಗೆ ಮೂವರು ಹೊಸಬರನ್ನು ಕೊಟ್ಟಿತ್ತು. ಮೂವರೂ ಸರಿಯಾಗಿ ಏನೂ ನೋಡಲಿಲ್ಲ. ಹಾಗಾಗಿ ಮೊದಲ ಸಲ ಇಳಿಯುವವರು ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ನನ್ನ ಜೊತೆ ನೀರಿನಲ್ಲಿ ಇರುವವರು ನನಗೊಬ್ಬನಿಗೇನಾ? ಈ ಸಲ ಅದನ್ನು ಕೇಳಿಯೇ ಬಂದಿದ್ದೆವು.

ಹೊರಟು ಅರ್ಧ ಗಂಟೆಗೆ ಶಿವ ಹೆಬ್ಬೆರಳಷ್ಟಾದ. ಇಪ್ಪತ್ತು ಅಂತಸ್ತಿನ ಗೋಪುರ ಬೆಂಕಿಪೊಟ್ಟಣವಾಯಿತು. ಭಾವ ಬೋಟಿನ ನಡುವೆ ಕೂತು ದಿಗಂತ ನೋಡುತ್ತಿದ್ದ. ನಾನು ಹಿಂದೆ, ಡೀಸೆಲ್ ಹೊಗೆ ಬರುವ ಕಡೆಯೇ ಕೂತಿದ್ದೆ. ಮೊಬೈಲಿನಲ್ಲಿ ಫೋಟೋ ನೋಡಲು ತಲೆ ಬಗ್ಗಿಸಿದೆ. ಅಷ್ಟೇ. ಎರಡೂ ಬನ್ಸ್ ಅರಬ್ಬೀ ಸಮುದ್ರದ ಪಾಲಾದವು.

"ಮೀನಿಗೆ ಬೇಗ ಊಟ ಹಾಕಿದ್ಯಲೋ" ಅಂದ ಭಾವ. ಎರಡು ಡಜನ್ ಡೈವ್ ಮಾಡಿದವನ ಮರ್ಯಾದೆ ಅಲ್ಲಿಗೆ ಹೋಯಿತು. ಅಕ್ಕ ಕೊಟ್ಟ ಅಪ್ಪೆಮಿಡಿ ಒಂದನ್ನು ಬಾಯಲ್ಲಿಟ್ಟು ಚೀಪಿದೆ. ಶುಂಠಿ ಒಳ್ಳೆಯದು ಅಂತಾರೆ, ಇರಬಹುದು. ನನ್ನ ಮಟ್ಟಿಗೆ ಅಪ್ಪೆಮಿಡಿಯ ಪರಿಮಳ ಮುಂದೆ ಬೇರೆ ಯಾವುದೂ ಇಲ್ಲ.

ನೇತ್ರಾಣಿ ಮೇಲಿನಿಂದ ನೋಡಿದರೆ ಹೃದಯದ ಆಕಾರ ಅಂತ ಎಲ್ಲರೂ ಬರೆಯುತ್ತಾರೆ. ಬೋಟಿನಿಂದ ನೋಡಿದರೆ ಹಾಗೇನೂ ಕಾಣುವುದಿಲ್ಲ. ನೀರಿನಿಂದ ನೇರ ಎದ್ದ ಕಲ್ಲಿನ ಗೋಡೆ, ಅದರ ಮೇಲೆ ದಟ್ಟ ಕಾಡು. ಬಿಳಿಹೊಟ್ಟೆಯ ಕಡಲ ಹದ್ದು ಎರಡು ಮೇಲೆ ಸುತ್ತುತ್ತಿದ್ದವು. ಅವುಗಳ ಗೂಡು ಇಲ್ಲಿನ ಮರಗಳಲ್ಲೇ. ಡೈವಿಂಗ್ ಬೋಟುಗಳು ದ್ವೀಪಕ್ಕೆ ಹತ್ತಿಸುವುದಿಲ್ಲ. ಹತ್ತಿರದಲ್ಲಿ ಲಂಗರು ಹಾಕಿ, ನೀರಿಗಿಳಿಸಿ, ವಾಪಸು.

ಭಾವನಿಗೆ ಪಾಠ ಶುರುವಾಯಿತು. ಬೋಧಕ ಭಟ್ಕಳ ಕಡೆಯ ಹುಡುಗ, ಮಾತಿನಲ್ಲಿ ತಾಳ್ಮೆ. "ಅಣ್ಣ, ಮೂರೇ ವಿಷಯ. ಉಸಿರು ಹಿಡಿಯಬೇಡಿ, ಕಿವಿ ಬಿಡಿಸ್ತಾ ಇರಿ, ಏನನ್ನೂ ಮುಟ್ಟಬೇಡಿ."

"ಸಿಲಿಂಡರಲ್ಲಿ ಆಕ್ಸಿಜನ್ನಾ?" ಭಾವ ಕೇಳಿದ.

"ಅಲ್ಲಣ್ಣ, ನಾವು ಉಸಿರಾಡೋ ಗಾಳಿಯೇ. ಸೋಸಿ, ಒತ್ತಿ ತುಂಬಿಸಿದ್ದು."

"ಪಂಕ್ಚರ್ ಅಂಗಡಿ ಗಾಳಿ ಇದ್ದ ಹಾಗೆ."

ಹುಡುಗ ನಕ್ಕ. ಹೌದು ಅನ್ನಬಹುದು. ಒತ್ತಡ ಮಾತ್ರ 200 ಬಾರ್, ಕಾರಿನ ಚಕ್ರದ ಗಾಳಿಗಿಂತ ಸುಮಾರು 90 ಪಟ್ಟು. ಉಸಿರು ಹಿಡಿಯಬಾರದು ಅನ್ನುವ ನಿಯಮ ಯಾಕೆ ಅಂತಲೂ ಅವನು ಚೆನ್ನಾಗಿ ಹೇಳಿಕೊಟ್ಟ. ಹತ್ತು ಮೀಟರ್ ಕೆಳಗೆ ಎದೆ ತುಂಬ ಉಸಿರು ಎಳೆದು, ಅದನ್ನು ಹಿಡಿದುಕೊಂಡೇ ಮೇಲೆ ಬಂದರೆ ಅದೇ ಗಾಳಿಗೆ ಎರಡರಷ್ಟು ಜಾಗ ಬೇಕು. ಶ್ವಾಸಕೋಶದಲ್ಲಿ ಅಷ್ಟು ಜಾಗ ಎಲ್ಲಿದೆ? ಆಮೇಲೆ ಮಾಸ್ಕಿನ ಗಾಜಿಗೆ ಉಗುಳಿ ಉಜ್ಜಿ ಅಂದ. ಮಂಜು ಹಿಡಿಯದಿರಲು ಎಂಜಲಿಗಿಂತ ಒಳ್ಳೆಯ ಮದ್ದಿಲ್ಲ. ಭಾವ ಎಂಜಲು, ಮುಸುರೆ ಎಲ್ಲ ನೋಡುವ ಮನುಷ್ಯ. ಅತ್ತಿತ್ತ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ಉಗುಳಿದ.

ನಾವಿಬ್ಬರೂ ಬೇರೆ ಗೈಡ್ ಜೊತೆ ಮೊದಲು ಇಳಿದೆವು. ನೀರು ಬೆಚ್ಚಗಿತ್ತು. ಹನ್ನೆರಡು ಹದಿಮೂರು ಮೀಟರ್ ದೂರ ಸ್ಪಷ್ಟ ಕಂಡಿತು. ಕೆಳಗೆ ಮೊದಲು ಸಿಗುವುದು ನೋಟವಲ್ಲ, ಸದ್ದು. ಚಟಪಟ ಚಟಪಟ, ಸುತ್ತಲೂ, ನಿಲ್ಲದೆ. ಅಡುಗೆಮನೆಯಲ್ಲಿ ಯಾರೋ ಸಾಸಿವೆ ಸಿಡಿಸುತ್ತಿದ್ದಾರೆ ಅನ್ನಿಸುತ್ತದೆ. ಬಂಡೆಯ ಸಂದಿಗಳಲ್ಲಿರುವ ಸಣ್ಣ ಸಿಗಡಿಗಳು ಚಿಮಟ ಬಡಿಯುವ ಸದ್ದಂತೆ ಅದು. ಎಷ್ಟು ಸಲ ಕೇಳಿದರೂ ನನಗೆ ಒಗ್ಗರಣೆಯೇ ನೆನಪಾಗುವುದು.

ನೇತ್ರಾಣಿಯ ಅಡಿ ಅಂದರೆ ಮನೆಯಷ್ಟು ದೊಡ್ಡ ಬಂಡೆಗಳು, ಅವುಗಳ ಮೇಲೆ ಅಲ್ಲಲ್ಲಿ ಹವಳ. ಅಂಡಮಾನಿನ ಹಾಗೆ ಬಣ್ಣದ ತೋಟ ಸಿಗುತ್ತದೆ ಅಂತ ಬಂದರೆ ನಿರಾಸೆ ಆದೀತು. ಇಲ್ಲಿನ ಸಂಪತ್ತು ಮೀನು. ಕಪ್ಪು ನೀಲಿಯ ಟ್ರಿಗರ್ ಮೀನುಗಳು ನೂರಾರು, ಗಾಳಿಗೆ ಹಾರುವ ತರಗೆಲೆಗಳ ಹಾಗೆ. ಜೋಡಿ ಜೋಡಿಯಾಗಿ ಚಿಟ್ಟೆ ಮೀನು. ಗಿಳಿ ಮೀನು ಕಲ್ಲನ್ನು ಕಟಕಟ ಕಚ್ಚುವುದು ಕಿವಿಗೆ ಕೇಳುತ್ತದೆ. ಹಾಗೆ ಕಚ್ಚಿ ನುಂಗಿದ ಹವಳ ಅದರ ಹಿಂದಿನಿಂದ ಮರಳಾಗಿ ಬೀಳುತ್ತದೆ. ಒಂದು ಸಂದಿಯಲ್ಲಿ ಮೊರೆ ಹಾವುಮೀನು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಹೆದರಿಸುವುದಲ್ಲ, ಉಸಿರಾಡುವುದು. ಲಯನ್ ಫಿಶ್ ಸೆರಗು ಹರಡಿ ನಿಂತಿತ್ತು. ಅದರ ಬೆನ್ನಿನ ಮುಳ್ಳಿನಲ್ಲಿ ವಿಷ. ಬಂಡೆಗೆ ಕೈ ಊರುವ ಅಭ್ಯಾಸ ಇರುವವರಿಗೆ ಇಲ್ಲಿ ಒಂದಲ್ಲ ಒಂದು ದಿನ ಪಾಠ ಸಿಗುತ್ತದೆ.

ಸುಮಾರು ಎಂಟು ಮೀಟರಿನಲ್ಲಿ ಭಾವ ಕಂಡ. ಹಿಂದಿನಿಂದ ಬೋಧಕ ಅವನ ಸಿಲಿಂಡರ್ ಹಿಡಿದಿದ್ದ. ಭಾವ ಕೈ ಕಟ್ಟಿಕೊಂಡು, ತೋಟದಲ್ಲಿ ನಿಂತು ಮರ ಎಣಿಸುವವನ ಹಾಗೆ ಸುಮ್ಮನೆ ನೋಡುತ್ತಿದ್ದ. ಅವಸರ ಇಲ್ಲ, ಒದ್ದಾಟ ಇಲ್ಲ. ಅವನ ಗುಳ್ಳೆಗಳು ನನ್ನವಕ್ಕಿಂತ ನಿಧಾನವಾಗಿ ಮೇಲೆ ಹೋಗುತ್ತಿದ್ದವು. ಹೊಟ್ಟೆಕಿಚ್ಚಾಯಿತು. ಮಗಳನ್ನು ಕಂಡ ಖುಷಿಗೆ ಭಾವ ಹೆಬ್ಬೆರಳು ಎತ್ತಿ 'ಭಾರೀ ಲಾಯ್ಕ' ಅಂತ ತೋರಿಸಿದ. ನೀರಿನೊಳಗೆ ಅದರ ಅರ್ಥ 'ಮೇಲೆ ಹೋಗೋಣ'. ಬೋಧಕ ಕೂಡಲೇ ಅವನನ್ನು ಎತ್ತಿಕೊಂಡು ಮೇಲೆ ಹೊರಟ. ಭಾವನ ಕಣ್ಣು ಮಾಸ್ಕಿನೊಳಗೆ ಅಗಲವಾದದ್ದು ನನಗೆ ಕಂಡಿತು. ಎರಡು ಮೀಟರ್ ಹೋದ ಮೇಲೆ ಅವನು ಬೆರಳು ಸುತ್ತಿ ಸರಿಯಾದ ಸನ್ನೆ ಮಾಡಿದ. ಮತ್ತೆ ಇಳಿಸಿದ ಪುಣ್ಯಾತ್ಮ.

ನನ್ನ ಎರಡನೇ ಅವಮಾನ ಕೊನೆಯಲ್ಲಿತ್ತು. ತೇಲದೆ ಕೆಳಗೆ ಇರಲು ಆರು ಕಿಲೋ ತೂಕ ಕಟ್ಟಿಕೊಳ್ಳಿ ಅಂತ ಗೈಡ್ ಅಂದಿದ್ದ. ನಾನು ದೊಡ್ಡಸ್ತಿಕೆಗೆ ನಾಲ್ಕು ಸಾಕು ಅಂದೆ. ಕಡಿಮೆ ತೂಕದಲ್ಲಿ ಇಳಿಯುವವನು ಪಳಗಿದವನು ಅನ್ನುವ ಜಂಬ ನಮ್ಮಲ್ಲಿ ಹಲವರಿಗಿದೆ. ಇಳಿಯುವಾಗ ಎಲ್ಲ ಸರಿ ಇತ್ತು. ಆದರೆ ತುಂಬಿದ ಸಿಲಿಂಡರಿನಲ್ಲಿ ಗಾಳಿಯದೇ ತೂಕ ಸುಮಾರು ಎರಡೂವರೆ ಕಿಲೋ. ಡೈವ್ ಮುಗಿಯುವಾಗ ಅದರಲ್ಲಿ ಮುಕ್ಕಾಲು ಪಾಲು ಉಸಿರಾಡಿ ಆಗಿರುತ್ತದೆ, ಅಲ್ಯುಮಿನಿಯಂ ಸಿಲಿಂಡರ್ ತೇಲಲು ಶುರುಮಾಡುತ್ತದೆ. ಪೂರ್ತಿ ಮೇಲೆ ಬರುವ ಮೊದಲು ಸುರಕ್ಷತೆಗೆ ಅಂತ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕಾದಲ್ಲಿ ನಾನು ಬೆಂಡಿನ ಹಾಗೆ ಮೇಲೆ ಹೊರಟೆ. ಸೊಸೆ ನನ್ನ ಕಾಲಿನ ಫಿನ್ ಹಿಡಿದು ಎಳೆದು ನಿಲ್ಲಿಸಿದಳು. ಮೂರು ನಿಮಿಷ ಹಾಗೇ ಹಿಡಿದುಕೊಂಡಿದ್ದಳು, ಗಾಳಿಪಟ ಹಿಡಿದ ಹಾಗೆ. ತೂಕ ಸರಿ ಇದೆಯಾ ಅಂತ ನೋಡುವುದಾದರೆ ಸಿಲಿಂಡರ್ ಖಾಲಿ ಆಗುವ ಹೊತ್ತಿಗೆ ನೋಡಬೇಕು, ತುಂಬಿರುವಾಗ ಅಲ್ಲ.

ಬೋಟಿನ ಮೇಲೆ ಒಂದು ಗಂಟೆ ವಿಶ್ರಾಂತಿ. ಬಿಸ್ಕೀಟು, ಕಲ್ಲಂಗಡಿ, ಹರಟೆ. ಹುಬ್ಬಳ್ಳಿಯ ಒಬ್ಬರು ನಿವೃತ್ತ ಬ್ಯಾಂಕ್ ನೌಕರರು ಇದ್ದರು. ವಯಸ್ಸು ಅರವತ್ತು ದಾಟಿದೆ, ಡೈವ್ ನೂರು ದಾಟಿದೆ. ಬಾಯಿ ಬಿಟ್ಟರೆ ಒಂದೊಂದು ಕಡಲು.

"ಲಕ್ಷದ್ವೀಪಕ್ಕ ಹೋಗಿರೇನು? ನೀರು ಅಂದ್ರ ಗಾಜು ನೋಡ್ರಿ. ಆದ್ರ ಪರ್ಮಿಟ್ ಇಲ್ದ ಅಲ್ಲಿ ಕಾಲ ಇಡಾಕ್ ಆಗಂಗಿಲ್ಲ. ಮೊದ್ಲ ಅದನ್ನ ಮಾಡಿಸ್ಕೋರಿ, ಆಮ್ಯಾಲ ಟಿಕೆಟ್."

ಗೋವಾದ ಗ್ರಾಂಡೆ ದ್ವೀಪದ ಬಗ್ಗೆ ಅವರ ಅಭಿಪ್ರಾಯ ಖಡಕ್. ಮುಳುಗಿದ ಹಡಗು ನೋಡುವ ಆಸೆ ಇದ್ದರೆ ಹೋಗಿ, ನೀರು ತಿಳಿಯಾಗಿರುತ್ತದೆ ಅಂತ ಮಾತ್ರ ನಂಬಬೇಡಿ. ಮಳೆಗಾಲದಲ್ಲಿ ಕೈ ಕಟ್ಟಿ ಕೂರುವ ಬದಲು ಪುದುಚೇರಿಗೆ ಹೋಗಿ, ಅದು ಪೂರ್ವ ಕರಾವಳಿ, ನಮ್ಮ ಮುಂಗಾರು ಅಲ್ಲಿ ಬಾಗಿಲು ಹಾಕಿಸುವುದಿಲ್ಲ. ಸೊಸೆ ಹೌದು ಅಂತ ತಲೆಯಾಡಿಸಿದಳು. ಅಂಡಮಾನಿಗೆ ಮೊದಲ ಸಲ ಹೋಗುವವರು ಸ್ವರಾಜ್ ದ್ವೀಪದಲ್ಲೇ (ಹಿಂದಿನ ಹ್ಯಾವ್‌ಲಾಕ್) ನಾಲ್ಕು ದಿನ ನಿಲ್ಲಿ, ದಿನಕ್ಕೊಂದು ದ್ವೀಪ ಅಂತ ಓಡಬೇಡಿ ಅಂದರು. ಅದು ನನ್ನದೂ ಅನುಭವ. ಸಾಮಾನು ಕೊಳ್ಳುವುದಾದರೆ ಮೊದಲು ಸ್ವಂತ ಮಾಸ್ಕ್ ಕೊಳ್ಳಿ ಅಂತ ನಾನು ಸೇರಿಸಿದೆ. ಮುಖಕ್ಕೆ ಹೊಂದದ ಮಾಸ್ಕ್ ಹಾಕಿಕೊಂಡು ಎಂಥ ಕಡಲಿಗೆ ಹೋದರೂ ನೋಡುವುದು ಮೂಗಿನ ನೀರನ್ನೇ.

ಭಾವ ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ಮಣಿಕಟ್ಟು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಮಾರಿಕಾಂಬೆಯ ಗುಡಿಯಲ್ಲಿ ಕಟ್ಟಿಸಿಕೊಂಡ ಕೆಂಪು ದಾರ. "ಕೆಳಗೆ ಇದು ಕಂದು ಬಣ್ಣ ಆಗೋಗಿತ್ತು ಮಾರಾಯ. ಬಣ್ಣ ಬಿಡ್ತು ಅಂದುಕೊಂಡೆ. ಮೇಲೆ ಬಂದರೆ ಮತ್ತೆ ಕೆಂಪು." ನೀರು ಎಲ್ಲಕ್ಕಿಂತ ಮೊದಲು ನುಂಗುವುದು ಕೆಂಪನ್ನೇ. ಐದಾರು ಮೀಟರಿನಿಂದಲೇ ಅದು ಮಾಸುತ್ತದೆ. ಕ್ಯಾಮೆರಾದವರು ಕೆಳಗೂ ಲೈಟ್ ಹಿಡಿಯುವುದು ಅದಕ್ಕೇ. ಹೀಗೆಲ್ಲ ವಿವರಿಸಿದೆ. ಭಾವ 'ಹ್ಞೂಂ' ಅಂದ, ದಾರ ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

ಎರಡನೇ ಡೈವ್ ನಾವಿಬ್ಬರೇ. ಈ ಸಲ ಆರು ಕಿಲೋ ಕಟ್ಟಿಕೊಂಡೆ, ಮಾತಾಡದೆ. ಬರಾಕುಡಾ ಹಿಂಡು ಬೆಳ್ಳಿ ಪರದೆಯ ಹಾಗೆ ದೂರದಲ್ಲಿ ಸರಿದು ಹೋಯಿತು. ಒಂದು ಬಂಡೆಗೆ ಹರಿದ ನೈಲಾನ್ ಬಲೆ ಸುತ್ತಿಕೊಂಡಿತ್ತು. ಸೊಸೆ ಕೈ ಹಾಕಲು ಹೋದಾಗ ಗೈಡ್ ತಡೆದ. ಬಲೆ ಬಿಡಿಸುವುದು ಹೊಸಬರ ಕೆಲಸ ಅಲ್ಲ, ನಾವೇ ಸುತ್ತಿಕೊಳ್ಳುತ್ತೇವೆ. ಜಾಗ ಗುರುತಿಟ್ಟುಕೊಂಡು ಹೇಳಿದರೆ ಸಾಕು.

ಹನ್ನೆರಡೂವರೆಗೆ ಕೊನೆಯ ಸಲ ಮೇಲೆ ಬಂದೆವು. ದಡ ಸೇರಿ ಊಟ ಮುಗಿಸಿದ ಕೂಡಲೇ ಭಾವ ಕಾರಿನ ಕೀಲಿ ಕೇಳಿದ.

"ಅಪ್ಪ, ವಿಮಾನ ಹತ್ತಬಾರದು ಅಂತ ಯಾಕೆ ಹೇಳ್ತಾರೆ?" ಮಗಳು ಮೆಲ್ಲಗೆ ಶುರುಮಾಡಿದಳು. ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿನ ಸಾರಜನಕ ರಕ್ತ, ಮಾಂಸಕ್ಕೆ ಸೇರುತ್ತದೆ. ಅದು ನಿಧಾನವಾಗಿ ಹೊರಗೆ ಹೋಗಬೇಕು. ಬೇಗ ಎತ್ತರಕ್ಕೆ ಹೋದರೆ ಸೋಡಾ ಬಾಟಲಿ ತೆರೆದ ಹಾಗೆ ಗುಳ್ಳೆ ಏಳಬಹುದು. ಒಂದು ಡೈವ್ ಮಾಡಿದವರು 12 ಗಂಟೆ, ಒಂದಕ್ಕಿಂತ ಜಾಸ್ತಿ ಮಾಡಿದವರು 18 ಗಂಟೆ ಕಾಯಬೇಕು. ಈ ಲೆಕ್ಕ ಶುರುವಾಗುವುದೇ ಸುಮಾರು 600 ಮೀಟರ್ ಎತ್ತರದಿಂದ.

"ಶಿರಸಿ ಅಷ್ಟೇ ಅಲ್ದಾ?"

"ಅದೇ ಅಪ್ಪ. ಸರೀ ಗೆರೆ ಮೇಲೆ. ಆಚೆಗಾ ಈಚೆಗಾ ಅಂತ ನಮ್ಮ ಮೈಮೇಲೆ ಪ್ರಯೋಗ ಮಾಡೋದು ಬೇಡ."

ಹುಬ್ಬಳ್ಳಿಯವರೂ ಆವತ್ತು ಅಲ್ಲೇ ಉಳಿದರು. ಹುಬ್ಬಳ್ಳಿಯೂ ಹೆಚ್ಚು ಕಡಿಮೆ ನಮ್ಮಷ್ಟೇ ಎತ್ತರ. ಕಡಲಿಂದ ಎದ್ದು ಸಂಜೆಗೇ ಘಟ್ಟ ಹತ್ತುವವರು ನಮ್ಮ ಮೇಲಿನವರಲ್ಲಿ ಎಷ್ಟೋ ಜನ. ವಿಮಾನದ ಮಾತು ಎಲ್ಲರೂ ಎಚ್ಚರಿಸುತ್ತಾರೆ, ಘಟ್ಟದ ಮಾತು ಯಾರೂ ಎತ್ತುವುದಿಲ್ಲ. ಭಾವ ಕೀಲಿ ವಾಪಸು ಕೊಟ್ಟ. ಮನೆಗೆ ಫೋನ್ ಮಾಡಿದ. ಅತ್ತೆಯ ದನಿ ನನಗೂ ಕೇಳಿಸಿತು, ಬಾವಿಯ ಮಾತು ಮತ್ತೆ ಬಂತು.

ಹಾಗೆ ಉಳಿದದ್ದಕ್ಕೇ ಸಂಜೆ ಆ ಅಜ್ಜ ಸಿಕ್ಕಿದ್ದು. ಜನಜಂಗುಳಿ ಇಲ್ಲದ ಕಡೆ ದಂಡೆಯಲ್ಲಿ, ಎಳೆದು ಹಾಕಿದ ದೋಣಿಯ ನೆರಳಿಗೆ ಕೂತು ಬಲೆ ಸರಿ ಮಾಡುತ್ತಿದ್ದರು.

"ಎಲ್ಲಾಯ್ತು ನಿಮ್ಗೆ?"

"ಶಿರಸಿ ಹತ್ರ."

"ಘಟ್ಟದ ಮೇಲೆ. ಭಟ್ರಾ?"

"ಹೆಗಡೆ" ಅಂದ ಭಾವ.

"ಮೀನು ತಿಂಬುದಿಲ್ಲ ಅಲ್ದಾ?"

"ಇಲ್ಲ."

"ಮತ್ತೆ ದುಡ್ಡು ಕೊಟ್ಟು ನೋಡಿ ಬಂದ್ರಾ!" ಅಂತ ಅಜ್ಜ ಬಲೆ ಬಿಟ್ಟು ನಕ್ಕರು. ಭಾವನೂ ನಕ್ಕ. ಕವಳದ ಸಂಚಿ ಬಿಚ್ಚಿದ. ಅಲ್ಲಿಂದ ಮಾತು ಅವರಿಬ್ಬರದೇ ಆಯಿತು. ಅಜ್ಜ ಅಡಿಕೆಯನ್ನು ಬೆಳಕಿಗೆ ಹಿಡಿದು ನೋಡಿ ರೇಟು ಕೇಳಿದರು. ಭಾವ ಬಲೆಯ ಕಣ್ಣು ಎಣಿಸಿದ.

ಎಂಜಿನ್ ಇಲ್ಲದ ಕಾಲದಲ್ಲಿ ಅವರ ಅಪ್ಪ ಹಾಯಿ ಕಟ್ಟಿ ನೇತ್ರಾಣಿಗೆ ಹೋಗುತ್ತಿದ್ದರಂತೆ. "ಬೆಳಿಗ್ಗೆ ಮೂಡಗಾಳಿ ದೂಡ್ಕಂಡ್ ಹೋತದೆ, ಮಧ್ಯಾಹ್ನ ಪಡುಗಾಳಿ ಮನೆಗೆ ತಂದ್ ಬಿಡ್ತದೆ. ಡೀಸೆಲ್ ಬೇಡ." ದ್ವೀಪದ ಮೇಲೆ ಜಟ್ಟಿಗ ದೇವರ ಸ್ಥಳ ಇದೆ, ಹರಕೆಗೆ ಆಡು ಬಿಟ್ಟು ಬರುವುದು ಹಿಂದಿನಿಂದ ಬಂದ ಪದ್ಧತಿ ಅಂದರು. ನೌಕಾಪಡೆಯವರು ಆ ದ್ವೀಪವನ್ನು ಗುರಿ ಮಾಡಿ ಗುಂಡು ಹಾರಿಸಿ ಅಭ್ಯಾಸ ಮಾಡುತ್ತಿದ್ದ ದಿನಗಳೂ ಅವರಿಗೆ ನೆನಪಿವೆ. ಆ ದಿನ ಆ ಕಡೆ ಹೋಗುವ ಹಾಗಿರಲಿಲ್ಲ.

ಸೊಸೆ ಕೆಳಗೆ ಕಂಡ ಬಲೆಯ ಮಾತು ತೆಗೆದಳು. ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಬಲೆ ಕಲ್ಲಿಗೆ ಸಿಕ್ಕಿದ್ರೆ ನಾವು ಅಳ್ತ್ರು ಮಗಾ. ಬೇಕಂತ ಯಾರೂ ಬಿಟ್ ಬತ್ತಿಲ್ಲ. ಒಂದು ಬಲೆಗೆ ಎಷ್ಟು ದುಡ್ಡು ಗೊತ್ತುಂಟಾ?" ಡೈವರ್‌ಗಳ ಗುಂಪಿನಲ್ಲಿ ಈ ಬಲೆಗಳ ಮಾತು ಬಂದರೆ ಬೈಗುಳವೇ ಜಾಸ್ತಿ. ಈ ಕಡೆಯ ಲೆಕ್ಕ ನಾನು ಕೇಳಿದ್ದು ಅದೇ ಮೊದಲು.

ಭಾನುವಾರ: ಘಟ್ಟ ಹತ್ತಿದ್ದು

ಆರೂವರೆಗೆ ಹದಿನೆಂಟು ಗಂಟೆ ಮುಗಿಯಿತು. ಆರು ಗಂಟೆಗೇ ಭಾವ ಸ್ನಾನ, ದೇವಸ್ಥಾನ ಎಲ್ಲ ಮುಗಿಸಿ ಕಾರಿನ ಹತ್ತಿರ ನಿಂತಿದ್ದ. ಗೋಪುರದ ಲಿಫ್ಟ್ ಹತ್ತಿ ಮೇಲಿನಿಂದ ಕಡಲು ನೋಡುವ ಆಸೆ ನನಗಿತ್ತು. ಆಗಲಿಲ್ಲ.

ಕಾಸರಕೋಡಿನಲ್ಲಿ ಮಾತ್ರ ಸೊಸೆ ಹಟ ಹಿಡಿದು ಇಳಿಸಿದಳು. ಶರಾವತಿಯ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹಲಗೆಯ ದಾರಿ ಮಾಡಿದ್ದಾರೆ. ನೀರು ಇಳಿದಿತ್ತು. ಕೆಸರಿನಲ್ಲಿ ಏಡಿಗಳು ಒಂದೇ ದೊಡ್ಡ ಕೊಂಡಿ ಎತ್ತಿ ಎತ್ತಿ ಇಳಿಸುತ್ತಿದ್ದವು. ಆಚೆ ಟೊಂಕದ ದಂಡೆಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುವ ಕಾಲ ಇದು. ನೀರಿನೊಳಗೆ ಒಂದೂ ಆಮೆ ಸಿಗಲಿಲ್ಲ ಅನ್ನುವ ಬೇಜಾರು ಅವಳಿಗಿತ್ತು, ಇಲ್ಲೂ ಹಗಲಲ್ಲಿ ಎಲ್ಲಿ ಸಿಗಬೇಕು. ಕುಮಟಾದಲ್ಲಿ ಅತ್ತೆಗೆ ಅಂತ ಸಿಹಿ ಈರುಳ್ಳಿ ಹುಡುಕಿದೆವು. ಅದು ಬೇಸಿಗೆಗೆ ಬರುವುದು, ಈಗೆಲ್ಲಿ ಅಂತ ಅಂಗಡಿಯವಳು ನಕ್ಕಳು. ಬರಿಗೈಯಲ್ಲಿ ಹೋಗುವುದು ಬೇಡ ಅಂತ ಭಾವ ಒಂದು ಶಂಖ ಕೊಳ್ಳಲು ಹೊರಟಿದ್ದ. ಕಡಲಿಂದ ಯಾವುದನ್ನೂ ತರಬಾರದು ಅಂತ ಮಗಳು ಬೇಡ ಅಂದಳು. ಕೊನೆಗೆ ಒಂದು ಡಜನ್ ಬಾಳೆಹಣ್ಣು.

ಘಟ್ಟ ಹತ್ತುವಾಗ ಮತ್ತೆ ಕಿವಿ ಕಟ್ಟಿತು. ಭಾವ ಹೊಸ ವಿದ್ಯೆ ತೋರಿಸಲು ಮೂಗು ಹಿಡಿದ.

"ಅಪ್ಪಾ, ಅದು ಇಳಿಯೋವಾಗ! ಹತ್ತೋವಾಗ ಊದಬಾರದು, ತಾನೇ ಬಿಡುತ್ತೆ."

ಮೂಗು ಬಿಟ್ಟ. ಆಕಳಿಸಿದ. ಗುಡಿಯ ಹತ್ತಿರ ಬರುವಷ್ಟರಲ್ಲಿ ಟಪ್ ಅಂತ ಬಿಟ್ಟಿತು. ಅದೇ ಹೊತ್ತಿಗೆ ಅವನ ಮೊಬೈಲಿಗೆ ಸಿಗ್ನಲ್ ಬಂದು ಅಕ್ಕನ ಫೋನ್ ಬಂತು. ಸ್ವಲ್ಪ ಹೊತ್ತು ಸುಮ್ಮನೆ ಕೇಳಿಸಿಕೊಂಡ. ಇಟ್ಟ.

"ಎಂತ ಭಾವ?"

"ಕೊನೆಗೌಡ ನಾಳೆ ಬತ್ನಿಲ್ಯಡ. ಬುಧವಾರ ಬತ್ನಡ." ಒಂದು ತಿರುವು ಕಳೆಯಿತು. ಮಣಿಕಟ್ಟಿನ ದಾರ ಒಮ್ಮೆ ತಿರುಗಿಸಿದ. "ಹಂಗಾರೆ ಇವತ್ತು ಇನ್ನೊಂದ್ಸಲ ಮುಳುಗ್ಲಾಗಿತ್ತಲಾ ಮಾರಾಯಾ."